ಅಪಾಯ ಅಂತ ಬೋರ್ಡು ಹಾಕಿದರೆ ಸಾಕಾ? ಮಲೆನಾಡಿನ ಅಬ್ಬಿಗಳು ಮತ್ತು ಜಗತ್ತಿನ ಚೆಂದದ, ಅಪಾಯದ ಜಾಗಗಳು

ಆರಿದ್ರಾ ಮಳೆ ಹಿಡಿದುಕೊಂಡಿತು ಅಂದರೆ ನಮ್ಮ ಮನೆಗೆ ಫೋನುಗಳು ಶುರುವಾಗುತ್ತವೆ. ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿಯಲ್ಲಿರುವ ನೆಂಟರು, ನೆಂಟರ ಸ್ನೇಹಿತರು ಕೇಳುವುದು ಮೂರೇ ಪ್ರಶ್ನೆ. ಜೋಗದಲ್ಲಿ ನೀರು ಎಷ್ಟಿದೆ? ಆಗುಂಬೆ ಕಡೆ ರಸ್ತೆ ಹೇಗಿದೆ? ಒಳಗೆಲ್ಲೋ ಜನ ಹೋಗದ ಫಾಲ್ಸ್ ಇದೆಯಂತಲ್ಲ, ಎಲ್ಲಿ? ನಾವು ತೀರ್ಥಹಳ್ಳಿ ಕಡೆಯವರು. ಮನೆಗೆ ನಾಲ್ಕು ಜನ ಬಂದರೆ ನಮಗೆ ಖುಷಿಯೇ. ಆದರೆ ಆ ಮೂರನೇ ಪ್ರಶ್ನೆ ಬಂದಾಗ ಮಾತ್ರ ಎದೆ ಧಸಕ್ ಅನ್ನುತ್ತದೆ.

ಹಾಗೆ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಮಳೆಗಾಲದ ಮಲೆನಾಡು ನೋಡಬೇಕಾದದ್ದೇ. ಆದರೆ ಪ್ರತಿ ವರ್ಷ ಪೇಪರಿನ ಜಿಲ್ಲಾ ಪುಟದಲ್ಲಿ ಅದೇ ಸುದ್ದಿ ಬರುತ್ತದೆ. ಜಲಪಾತ ನೋಡಲು ಬಂದ ಯುವಕ ಕಾಲು ಜಾರಿ ನೀರುಪಾಲು. ಊರಿನ ಹೆಸರು ಬದಲಾಗುತ್ತದೆ, ವಯಸ್ಸು ಮಾತ್ರ ಇಪ್ಪತ್ತರ ಆಚೀಚೆ. ಓದಿದವರು "ಹುಡುಗಾಟ" ಅಂತ ಹೇಳಿ ಪುಟ ತಿರುಗಿಸುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಎಷ್ಟೋ ಸಲ ಆ ಹುಡುಗರಿಗೆ ಒಂದೇ ಒಂದು ವಿಷಯ ಗೊತ್ತಿರಲಿಲ್ಲ. ಅದೇ ವಿಷಯ ಪಕ್ಕದ ಮನೆಯ ಹತ್ತು ವರ್ಷದ ಮಗುವಿಗೂ ಗೊತ್ತಿತ್ತು.

ಫೋನಿನಲ್ಲಿ "ಜಗತ್ತಿನ ಅತಿ ಅಪಾಯದ ಸುಂದರ ತಾಣಗಳು" ಅಂತ ವಿಡಿಯೊಗಳು ಬರುತ್ತವೆ, ನೀವೂ ನೋಡಿರುತ್ತೀರಿ. ಟಾಂಜಾನಿಯಾದ ನಾಟ್ರಾನ್ ಸರೋವರ ಅದರಲ್ಲಿ ಇದ್ದೇ ಇರುತ್ತದೆ. ಕೆಂಪು ನೀರು, ಮೇಲೆ ಉಪ್ಪಿನ ಪದರ. ಅಲ್ಲಿನ ನೀರಿನ ಪಿಎಚ್ 10.5ರವರೆಗೂ ಹೋಗುತ್ತದೆ. ಚರ್ಮ, ಕಣ್ಣು ಸುಡುವಷ್ಟು ಕ್ಷಾರ. ಬೇಟೆಯಾಡುವ ಪ್ರಾಣಿಗಳು ಆ ನೀರಿಗೆ ಇಳಿಯುವುದಿಲ್ಲ. ಹಾಗಾಗಿಯೇ ಲಕ್ಷಗಟ್ಟಲೆ ಫ್ಲೆಮಿಂಗೊ ಹಕ್ಕಿಗಳು ಅಲ್ಲಿ ನೆಮ್ಮದಿಯಾಗಿ ಮರಿ ಮಾಡುತ್ತವೆ. ಇಥಿಯೋಪಿಯಾದ ಡನಾಕಿಲ್ ತಗ್ಗು ಪ್ರದೇಶ ಸಮುದ್ರ ಮಟ್ಟಕ್ಕಿಂತ 100 ಮೀಟರಿಗೂ ಕೆಳಗಿದೆ. ಅಲ್ಲಿ ದಲ್ಲೋಲ್ ಎಂಬಲ್ಲಿ ಹಳದಿ, ಹಸಿರು ಕೊಳಗಳಿವೆ. ಹೋಳಿ ಹಬ್ಬದ ಬಣ್ಣ ಚೆಲ್ಲಿದ ಹಾಗೆ ಕಾಣುತ್ತದೆ. ಅದು ನೆಲದೊಳಗಿಂದ ಕುದಿದು ಬರುವ ಆಮ್ಲದ ಉಪ್ಪುನೀರು. ಗಂಧಕ, ಕಬ್ಬಿಣ ಸೇರಿ ಆ ಬಣ್ಣ ಬಂದಿದೆ.

ಇವನ್ನೆಲ್ಲ ನೋಡಿ "ಅಬ್ಬಾ, ಎಂಥ ಜಾಗ" ಅಂದುಕೊಂಡು ಫೋನ್ ಕೆಳಗಿಡುತ್ತೇವೆ. ಒಂದು ವಿಷಯ ಗಮನಿಸುವುದಿಲ್ಲ. ಅಲ್ಲಿ ಚೆಂದ ಬೇರೆ, ಅಪಾಯ ಬೇರೆ ಅಲ್ಲ. ಯಾವುದು ಬಣ್ಣ ಕೊಟ್ಟಿತೋ ಅದೇ ಸುಡುತ್ತದೆ. ಚೆಂದವನ್ನು ಮಾಡಿದ ಶಕ್ತಿ ಇನ್ನೂ ಕೆಲಸ ನಿಲ್ಲಿಸಿಲ್ಲ, ಅಷ್ಟೇ.

ನಮ್ಮ ಅಬ್ಬಿಗಳದ್ದೂ ಅದೇ ಲೆಕ್ಕ. ಮಲೆನಾಡಿನಲ್ಲಿ ಜಲಪಾತಕ್ಕೆ ಅಬ್ಬಿ ಅನ್ನುತ್ತೇವೆ. ಆಗುಂಬೆಯ ಒನಕೆ ಅಬ್ಬಿ ಹೆಸರು ನಿಮಗೆ ಗೊತ್ತಿರಬಹುದು. ನೀರು ಮೇಲಿಂದ ಬೀಳುತ್ತ ಬೀಳುತ್ತ ಕೆಳಗಿನ ಬಂಡೆಯನ್ನು ಕೊರೆಯುತ್ತದೆ. ಕಲ್ಲುಗಳನ್ನು ಗಿರ್ರನೆ ತಿರುಗಿಸಿ ಒರಳಿನಂಥ ಗುಂಡಿ ಮಾಡುತ್ತದೆ. ಅದೇ ಮಡು. ಮೇಲೆ ಸಣ್ಣದಾಗಿ ಕಾಣುವ ಹಸಿರು ನೀರು, ಕೆಳಗೆ ಎರಡಾಳು, ಮೂರಾಳು ಆಳ. ಬಿದ್ದ ನೀರಿನಲ್ಲಿ ಗಾಳಿ ತುಂಬಿಕೊಂಡು ನೊರೆ ಏಳುತ್ತದಲ್ಲ, ಫೋಟೊದಲ್ಲಿ ಹಾಲಿನ ಹಾಗೆ ಕಾಣುವುದು ಅದೇ. ಆ ನೊರೆ ನೀರು ಮನುಷ್ಯನನ್ನು ಎತ್ತಿ ಹಿಡಿಯುವುದಿಲ್ಲ. ಕೆರೆಯಲ್ಲಿ ಚೆನ್ನಾಗಿ ಈಜುವವನೂ ಅಲ್ಲಿ ಮುಳುಗುತ್ತಾನೆ. ಮೇಲಿಂದ ಬೀಳುವ ನೀರು ಅವನನ್ನು ಮತ್ತೆ ಮತ್ತೆ ಬುಡಕ್ಕೇ ಎಳೆಯುತ್ತದೆ. ಈಜು ಬರುತ್ತದೆ ಅನ್ನುವ ಧೈರ್ಯ ಅಬ್ಬಿಯ ಬುಡದಲ್ಲಿ ಕೆಲಸಕ್ಕೆ ಬರುವುದಿಲ್ಲ.

ಜನ ಜೋಗಕ್ಕೆ ಹೆದರುತ್ತಾರೆ. ಹೆದರುವಂಥದ್ದೇ. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಆಗಿ ಶರಾವತಿ ಧುಮುಕುತ್ತಾಳೆ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ, 1964ರಿಂದ ಆಕೆಯ ನೀರಿನ ಲೆಕ್ಕ ಅಲ್ಲಿಯೇ. ಆದರೆ ಜೋಗದಲ್ಲಿ ಕಂಬಿ ಇದೆ, ನೋಡುವ ಕಟ್ಟೆ ಇದೆ, ಕಾವಲಿನವರಿದ್ದಾರೆ. ಅಷ್ಟು ದೊಡ್ಡದನ್ನು ಕಂಡಾಗ ಮನುಷ್ಯನ ಕಾಲು ತಾನಾಗಿ ಹಿಂದೆ ಸರಿಯುತ್ತದೆ. ನನ್ನ ಭಯ ಇರುವುದು ಹತ್ತು, ಹದಿನೈದು ಅಡಿಯ ಹೆಸರಿಲ್ಲದ ಅಬ್ಬಿಗಳ ಬಗ್ಗೆ. ಅವು ಯಾರನ್ನೂ ಹೆದರಿಸುವುದಿಲ್ಲ. "ಬಾ, ಸ್ವಲ್ಪ ಕಾಲು ಅದ್ದು" ಅನ್ನುವ ಹಾಗೆ ಇರುತ್ತವೆ.

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಸ್ಟ್ರಿಡ್ ಅಂತ ಒಂದು ಜಾಗವಿದೆ. ವಾರ್ಫ್ ನದಿ ಅಗಲವಾಗಿ ಹರಿದು ಬಂದು, ಪಾಚಿ ಹಿಡಿದ ಬಂಡೆಗಳ ನಡುವೆ ಒಂದೆರಡು ಮೀಟರ್ ಸೀಳಿನೊಳಗೆ ನುಗ್ಗುತ್ತದೆ. ನೋಡಿದರೆ ಹಾರಿ ದಾಟಬಹುದು ಅನ್ನಿಸುವ ತೊರೆ. ಆದರೆ ಇಡೀ ನದಿ ಅಲ್ಲಿ ಮಗ್ಗುಲಾಗಿ ಮಲಗಿದ ಹಾಗೆ. ಅಗಲ ಹೋದದ್ದು ಆಳಕ್ಕೆ ಸೇರಿದೆ. ಬಂಡೆಯ ಕೆಳಗೆ ನೀರು ಗುಹೆಯಂತೆ ಒಳಗೆ ಕೊರೆದಿದೆ. ಹಾರಲು ಹೋಗಿ ಜಾರಿದವರು ಆ ಗುಹೆಯೊಳಗೆ ಸಿಕ್ಕಿಹಾಕಿಕೊಂಡು ಸತ್ತಿದ್ದಾರೆ. ಅದರ ಬಗ್ಗೆ ಮೊದಲ ಸಲ ಓದಿದಾಗ ನನಗೆ ಇಂಗ್ಲೆಂಡ್ ಕಾಣಲಿಲ್ಲ. ನಮ್ಮ ತೋಟದ ಆಚೆಯ ಹಳ್ಳವೇ ಕಂಡಿತು.

ಆ ಹಳ್ಳದ ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನನ್ನ ಚಿಕ್ಕಪ್ಪನ ಮಗ ಮೂವರು ಸ್ನೇಹಿತರನ್ನು ಕರೆದುಕೊಂಡು ಬಂದಿದ್ದ. ಜುಲೈ ಕೊನೆಯ ವಾರ. ಅಂದು ಬೆಳಿಗ್ಗೆ ಮಳೆ ಹೊಳವಾಗಿತ್ತು, ಬಿಸಿಲೂ ಬಿದ್ದಿತ್ತು. ಮೊಣಕಾಲುದ್ದ ನೀರಿನಲ್ಲಿ ನಿಂತು ನಾವು ಫೋಟೊ ತೆಗೆಯುತ್ತಿದ್ದೆವು. ದೊಡ್ಡಪ್ಪ ಮಳೆಗೆ ನೆನೆಯದಂತೆ ಅಡಕೆ ಕೊನೆಗೆ ಕಟ್ಟಿದ ಕೊಟ್ಟೆ ನೋಡಲು ಬಂದವರು ಹಳ್ಳ ದಾಟುವ ಸಂಕದ ಮೇಲೆ ನಿಂತು ಕೂಗಿದರು: "ಏ ಹುಡುಗ್ರಾ, ಮೇಲೆ ಬನ್ರೋ. ಹೊಳೆ ಬಣ್ಣ ಕಟ್ತಾ ಇದೆ."

ನಾನು ಬಗ್ಗಿ ನೋಡಿದೆ. ನೀರು ತಿಳಿಯಾಗಿಯೇ ಇದೆ ಅನ್ನಿಸಿತು. ಸ್ವಲ್ಪ ಚಹಾ ಬಣ್ಣ ಬಂದಿರಬಹುದು. ನಾಲ್ಕು ಎಲೆ, ಒಂದು ಒಣ ಕಡ್ಡಿ ತೇಲಿ ಬಂತು. ದೊಡ್ಡಪ್ಪ ಎರಡನೇ ಸಲ ಕೂಗಿದ ದನಿ ಬೇರೆಯೇ ಆಗಿತ್ತು. ನಾವು ಎದ್ದು ಬಂದೆವು. ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ನಾವು ನಿಂತಿದ್ದ ಬಂಡೆ ಮುಳುಗಿತು. ಕೆಂಪು ನೀರು, ಜೊತೆಗೆ ಮುರಿದ ಕೊಂಬೆಗಳು. ನಮ್ಮ ತಲೆಯ ಮೇಲೆ ಆಗಲೂ ಬಿಸಿಲೇ ಇತ್ತು. ಬಂದಿದ್ದ ಹುಡುಗರಲ್ಲಿ ಒಬ್ಬ ಸಂಜೆಯವರೆಗೂ ಮಾತಾಡಲಿಲ್ಲ.

ಮಳೆ ಬಿದ್ದಿದ್ದು ಮೇಲೆ, ಘಟ್ಟದ ತುದಿಯಲ್ಲಿ. ನಮ್ಮ ಹಳ್ಳ ಅಲ್ಲಿಂದ ಇಳಿಯುವುದು ಕೆಲವೇ ಕಿಲೋಮೀಟರ್, ಆದರೆ ಕಡಿದಾದ ಇಳಿಜಾರು. ಜೂನ್ ಮೊದಲಲ್ಲಿ ಒಂದು ಜಡಿಮಳೆ ಬಂದರೆ ಒಣ ಮಣ್ಣು ಅರ್ಧ ಕುಡಿದುಬಿಡುತ್ತದೆ. ಜುಲೈ ಕೊನೆಗೆ ಮಣ್ಣಿನ ಹೊಟ್ಟೆ ತುಂಬಿರುತ್ತದೆ. ಆಮೇಲೆ ಬಿದ್ದದ್ದೆಲ್ಲ ನೇರ ಹಳ್ಳಕ್ಕೇ. ಎಷ್ಟು ನೀರು ಅನ್ನುವುದಕ್ಕೆ ಒಂದು ಅಂದಾಜು ಬೇಕಾದರೆ, ಬೆಂಗಳೂರಿನಲ್ಲಿ ಇಡೀ ವರ್ಷ ಬೀಳುವುದು ಸುಮಾರು 1,000 ಮಿಲಿಮೀಟರ್ ಮಳೆ. ಆಗುಂಬೆಯ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಇನ್ನು ನೀರಿನ ಬಲ. ಹರಿವಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟು. ಹಾಗಾಗಿ ಮೊಣಕಾಲುದ್ದ ನೀರು ಅನ್ನುವ ಮಾತಿಗೆ ಹೊಳೆಯಲ್ಲಿ ಅರ್ಥವಿಲ್ಲ. ಅದೇ ಮೊಣಕಾಲುದ್ದ ನೀರು ಹತ್ತು ನಿಮಿಷದಲ್ಲಿ ಗಟ್ಟಿಮುಟ್ಟಾದ ಗಂಡಸನ್ನು ಎತ್ತಿ ಹಾಕಬಲ್ಲದು.

2024ರ ಜೂನ್ 30ರಂದು ಮಹಾರಾಷ್ಟ್ರದ ಲೋಣಾವಳದ ಭೂಶಿ ಅಣೆಕಟ್ಟಿನ ಹತ್ತಿರ ಆಗಿದ್ದು ಇದೇ. ಒಂದು ಕುಟುಂಬ ಹಳ್ಳದ ನಡುವಿನ ಬಂಡೆಯ ಮೇಲೆ ನಿಂತಿತ್ತು. ಮಕ್ಕಳೂ ಇದ್ದರು. ನೀರು ಏರಿತು. ಒಬ್ಬರನ್ನೊಬ್ಬರು ತಬ್ಬಿ ನಿಂತರು. ದಡದಲ್ಲಿ ಇದ್ದವರಿಗೆ ಕೈ ಚಾಚಲೂ ಆಗಲಿಲ್ಲ. ಐದು ಜನ ಹೋದರು. ಆ ವಿಡಿಯೊ ನೋಡಿದ ಬಹಳ ಜನ ಅವರನ್ನು ಬೈದರು. ನಮ್ಮ ಹಳ್ಳದ ದಡದಲ್ಲಿ ದೊಡ್ಡಪ್ಪ ಇದ್ದರು, ಅವರ ದಡದಲ್ಲಿ ಇರಲಿಲ್ಲ. ನನಗೆ ಕಂಡ ವ್ಯತ್ಯಾಸ ಅದೊಂದೇ.

ಅದಕ್ಕೂ ಹಿಂದಿನ ವರ್ಷ, 2023ರ ಜುಲೈನಲ್ಲಿ, ಕೊಲ್ಲೂರಿನ ಹತ್ತಿರದ ಅರಸಿನಗುಂಡಿ ಜಲಪಾತದಲ್ಲಿ ನಮ್ಮ ಜಿಲ್ಲೆಯ ಒಬ್ಬ ಹುಡುಗ ಬಂಡೆಯ ಮೇಲಿಂದ ಜಾರಿದ. ಸ್ನೇಹಿತ ವಿಡಿಯೊ ಮಾಡುತ್ತಿದ್ದ. ಜಾರಿದವನು ನೀರಿಗೆ ಇಳಿದಿರಲಿಲ್ಲ, ಅಂಚಿನಲ್ಲಿ ನಿಂತಿದ್ದ ಅಷ್ಟೇ. ನೀರಿನ ಹನಿ ಸದಾ ಸಿಡಿಯುವ ಬಂಡೆ ಮಳೆಗಾಲದಲ್ಲಿ ಸೋಪು ಹಚ್ಚಿದ ಹಾಗಿರುತ್ತದೆ. ಪಾಚಿ ಹಸಿರಾಗಿಯೇ ಇರಬೇಕೆಂದಿಲ್ಲ. ಕಪ್ಪಗೆ, ಬಂಡೆಯ ಬಣ್ಣದಲ್ಲೇ ತೆಳ್ಳಗೆ ಹರಡಿರುವುದು ಇನ್ನೂ ಕೆಟ್ಟದ್ದು. ಊರಿನವರು ಅಂಥ ಕಡೆ ಬರಿಗಾಲಲ್ಲಿ, ಹೆಬ್ಬೆರಳು ಒತ್ತಿ ನಡೆಯುತ್ತಾರೆ. ಸ್ಪೋರ್ಟ್ಸ್ ಶೂ ಅಲ್ಲಿ ಹಿಡಿಯುತ್ತದೆ ಅಂತ ನಂಬಬೇಡಿ.

ಫೋನಿನ ಪಾತ್ರವನ್ನು ತಳ್ಳಿಹಾಕುವಂತಿಲ್ಲ. ದೆಹಲಿಯ ಏಮ್ಸ್ ವೈದ್ಯರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ 2011ರಿಂದ 2017ರವರೆಗಿನ ಸುದ್ದಿಗಳನ್ನು ಹುಡುಕಿ, ಜಗತ್ತಿನಲ್ಲಿ ಸೆಲ್ಫಿ ತೆಗೆಯಲು ಹೋಗಿ 259 ಜನ ಸತ್ತಿದ್ದನ್ನು ಲೆಕ್ಕ ಹಾಕಿತು. ಅತಿ ಹೆಚ್ಚು ಸಾವು ಭಾರತದಲ್ಲಿ. ಕಾರಣಗಳಲ್ಲಿ ಮೊದಲನೆಯದು ನೀರಿನಲ್ಲಿ ಮುಳುಗಿದ್ದು. ಕ್ಯಾಮೆರಾಗೆ ಬೆನ್ನು ಮಾಡಿ ನಿಂತವನು ನೀರನ್ನು ನೋಡುತ್ತಾನೆ. ಮುಖ ಮಾಡಿ ನಿಂತವನು ನೋಡುವುದಿಲ್ಲ.

ಈಗ ಬೋರ್ಡಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಎಷ್ಟೋ ಅಬ್ಬಿಗಳ ದಾರಿಯಲ್ಲಿ "ಅಪಾಯ, ನೀರಿಗೆ ಇಳಿಯಬಾರದು" ಅಂತ ಬರೆದಿದ್ದಾರೆ. ಮಾರ್ಚಿನಲ್ಲಿ ಪಾದ ಮುಳುಗುವಷ್ಟು ನೀರಿದ್ದಾಗಲೂ ಅದೇ ಬೋರ್ಡು, ಜುಲೈನಲ್ಲಿ ಹೊಳೆ ಕೆಂಪಾದಾಗಲೂ ಅದೇ ಬೋರ್ಡು. ವರ್ಷದ 365 ದಿನವೂ ಒಂದೇ ಮಾತು ಹೇಳುವ ಬೋರ್ಡನ್ನು ಜನ ಓದುವುದನ್ನೇ ಬಿಡುತ್ತಾರೆ. ಬೇಸಿಗೆಯಲ್ಲಿ ಬಂದು ಆಡಿ ಹೋದವನಿಗೆ ಆ ಬೋರ್ಡು ಸುಳ್ಳು ಅಂತ ಮನಸ್ಸಿನಲ್ಲಿ ಕೂತಿರುತ್ತದೆ. ಮಳೆಗಾಲದಲ್ಲಿ ಅವನೇ ಸ್ನೇಹಿತರನ್ನು ಕರೆದುಕೊಂಡು ಬರುತ್ತಾನೆ. ಮಳೆ ಜೋರಾದಾಗ ಜಿಲ್ಲಾಡಳಿತಗಳು ಜಲಪಾತಗಳಿಗೆ ಪ್ರವೇಶ ನಿಷೇಧಿಸುವುದೂ ಇದೆ. ಕೆಲವು ಸಲ ಅದು ಬೇಕೇ ಬೇಕು. ಆದರೆ ಮುಖ್ಯ ದಾರಿ ಮುಚ್ಚಿದರೆ ಜನ ತೋಟದ ಬೇಲಿ ಹಾರಿ, ಯಾರೂ ಇಲ್ಲದ ಮತ್ತೊಂದು ಕಡೆಯಿಂದ ಇಳಿಯುತ್ತಾರೆ. ನಮ್ಮ ತೋಟದಲ್ಲೇ ಇದನ್ನು ಕಂಡಿದ್ದೇನೆ.

ಐಸ್‌ಲ್ಯಾಂಡಿನಲ್ಲಿ ರೇನಿಸ್‌ಫ್ಯಾರಾ ಎಂಬ ಕಪ್ಪು ಮರಳಿನ ಕಡಲತೀರವಿದೆ. ಸಣ್ಣ ಸಣ್ಣ ಅಲೆಗಳ ನಡುವೆ ಏಕಾಏಕಿ ಒಂದು ದೊಡ್ಡ ಅಲೆ ದಡದ ಮೇಲೆ ದೂರದವರೆಗೆ ನುಗ್ಗಿ, ವಾಪಸ್ ಹೋಗುವಾಗ ಜನರನ್ನು ಎಳೆದುಕೊಂಡು ಹೋಗುತ್ತದೆ. ಅಲ್ಲಿ 2022ರಲ್ಲಿ ಒಂದು ವ್ಯವಸ್ಥೆ ಮಾಡಿದರು. ಅಂದಂದಿನ ಅಲೆಯ ಮುನ್ಸೂಚನೆ ನೋಡಿ ಹಸಿರು, ಹಳದಿ, ಕೆಂಪು ದೀಪ ಬದಲಾಗುತ್ತದೆ. ಯಾಕೆ ಅಪಾಯ, ಅಲೆ ಹೇಗೆ ಬರುತ್ತದೆ ಅಂತ ಪಕ್ಕದಲ್ಲೇ ಬರೆದಿದ್ದಾರೆ. ಇಷ್ಟಾದರೂ ಸಾವು ಪೂರ್ತಿ ನಿಲ್ಲಲಿಲ್ಲ. 2025ರ ಆಗಸ್ಟಿನಲ್ಲಿ ಅಲ್ಲಿ ಒಂದು ಪುಟ್ಟ ಹುಡುಗಿಯನ್ನು ಅಲೆ ಎಳೆದುಕೊಂಡು ಹೋಯಿತು. ದೀಪ ಒಂದೇ ಸಾಲದು ನಿಜ. ಆದರೆ "ಇವತ್ತು" ಅನ್ನುವ ಮಾತನ್ನು ಅದು ಹೇಳುತ್ತದೆ. ನಮ್ಮ ಬೋರ್ಡು ಅದನ್ನು ಹೇಳುವುದಿಲ್ಲ.

ಎಚ್ಚರಿಕೆ ಇದ್ದೂ ಬಂದವರ ಕಿವಿಗೆ ತಲುಪದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನ್ಯೂಜಿಲೆಂಡಿನ ವಾಕಾರಿ ದ್ವೀಪವೇ ಸಾಕ್ಷಿ. ಅದು ಸಮುದ್ರದ ನಡುವಿನ ಜೀವಂತ ಜ್ವಾಲಾಮುಖಿ. ಪ್ರವಾಸಿಗರು ದೋಣಿಯಲ್ಲಿ ಹೋಗಿ ಅದರ ಬಾಯಿಯ ಹತ್ತಿರವೇ ಅಡ್ಡಾಡುತ್ತಿದ್ದರು. 2019ರ ನವೆಂಬರಿನಲ್ಲಿ ವಿಜ್ಞಾನಿಗಳು ಎಚ್ಚರಿಕೆಯ ಹಂತವನ್ನು 1ರಿಂದ 2ಕ್ಕೆ ಏರಿಸಿದರು. ಪ್ರವಾಸ ನಿಲ್ಲಲಿಲ್ಲ. ಮೂರು ವಾರ ಕಳೆದು ಡಿಸೆಂಬರ್ 9ರಂದು, ನೆಲದೊಳಗಿನ ನೀರು ಒಮ್ಮೆಲೇ ಹಬೆಯಾಗಿ ಸಿಡಿಯಿತು. ದ್ವೀಪದ ಮೇಲಿದ್ದ 47 ಜನರಲ್ಲಿ 22 ಜನ ಸತ್ತರು. ಅಪಾಯ ಎಷ್ಟಿದೆ ಅಂತ ತಮಗೆ ಸರಿಯಾಗಿ ಹೇಳಿರಲಿಲ್ಲ ಎಂದು ಬದುಕುಳಿದವರು ನಂತರ ಕೋರ್ಟಿನಲ್ಲಿ ಹೇಳಿದರು.

ನಮ್ಮ ರಾಜ್ಯದಲ್ಲಿ ಏನೂ ಆಗಿಲ್ಲ ಅಂತಲ್ಲ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಸಾಲು ಸಾಲು ಜನ ನುಗ್ಗಿದ ಮೇಲೆ, ಅರಣ್ಯ ಇಲಾಖೆಯ ಚಾರಣದ ದಾರಿಗಳಿಗೆ ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕೆ ಇಷ್ಟೇ ಜನ ಅನ್ನುವ ಮಿತಿ ಬಂತು. ಒಳ್ಳೆಯ ಕೆಲಸ. ಆದರೆ ಬುಕಿಂಗ್ ಮಾಡಿ ಹೋಗುವ ದಾರಿಗಳು ಕೆಲವೇ. ತೋಟದ ಹಿಂದಿನ, ಗದ್ದೆಯ ಕೊನೆಯ ಅಬ್ಬಿಗಳಿಗೆ ಟಿಕೆಟ್ಟೂ ಇಲ್ಲ, ಗೇಟೂ ಇಲ್ಲ. ಯಾರೋ ಒಬ್ಬರು ರೀಲ್ಸ್‌ನಲ್ಲಿ ಲೊಕೇಶನ್ ಹಾಕುತ್ತಾರೆ. ಮುಂದಿನ ಭಾನುವಾರ ಅಲ್ಲಿ ಐವತ್ತು ಬೈಕು.

ಅಂಥ ಕಡೆಗೆ ದೊಡ್ಡ ಖರ್ಚಿನ ಯೋಜನೆ ಬೇಕಿಲ್ಲ. ಬಂಡೆಯ ಮೇಲೆ ಒಂದು ಕೆಂಪು ಗೆರೆ ಎಳೆಯಬಹುದು: ಈ ಗೆರೆ ಮುಳುಗಿದ್ದರೆ ಇಳಿಯಬೇಡಿ. ಮಡು ಇರುವ ಕಡೆ ಆಳ ಎಷ್ಟು ಅಂತ ಅಡಿಯಲ್ಲಿ ಬರೆಯಬಹುದು. ನೀರು ಬಣ್ಣ ತಿರುಗಿದರೆ, ಎಲೆ ಕಡ್ಡಿ ತೇಲಿ ಬಂದರೆ, ಸದ್ದು ಬದಲಾದರೆ ಕೂಡಲೇ ಮೇಲೆ ಬನ್ನಿ ಅಂತ ಮೂರೇ ಸಾಲು ಬರೆಯಬಹುದು. ಮಳೆಗಾಲದ ಶನಿವಾರ, ಭಾನುವಾರ ಊರಿನ ಇಬ್ಬರು ಹುಡುಗರನ್ನು ಪಂಚಾಯಿತಿ ಸಂಬಳ ಕೊಟ್ಟು ನಿಲ್ಲಿಸಬಹುದು. ನಮ್ಮ ದೊಡ್ಡಪ್ಪ ಸುಮ್ನೆ ಮಾಡಿದ ಕೆಲಸ ಅದು. ಬೇರೆಯವರಿಗೆ ಅದು ಉದ್ಯೋಗವೂ ಆಗುತ್ತದೆ, ಅಲ್ವಾ?

ಅನಾಹುತ ಆದ ಮೇಲೆ ಯಾರು ಬರುತ್ತಾರೆ ಅನ್ನುವುದನ್ನೂ ಯೋಚಿಸಬೇಕು. ಅಮೆರಿಕದ ಡೆತ್ ವ್ಯಾಲಿಯಲ್ಲಿ 2024ರ ಜುಲೈನಲ್ಲಿ ಬೈಕ್ ಸವಾರರ ಒಂದು ತಂಡ 53 ಡಿಗ್ರಿ ಬಿಸಿಲಿಗೆ ಸಿಕ್ಕಿತು. ಒಬ್ಬರು ಸತ್ತರು. ಅಷ್ಟು ಬಿಸಿಯಾದ ಗಾಳಿ ತೆಳುವಾಗುವುದರಿಂದ ಹೆಲಿಕಾಪ್ಟರ್ ಹಾರಲಾಗಲಿಲ್ಲ. ಅಷ್ಟು ಅನುಕೂಲ ಇರುವ ದೇಶದಲ್ಲೇ ಹೀಗೆ. ಆಗುಂಬೆಯಿಂದ ಶಿವಮೊಗ್ಗಕ್ಕೆ ಸುಮಾರು 90 ಕಿಲೋಮೀಟರ್. ಕೆಳಗೆ ಉಡುಪಿ ಕಡೆ ಹೋಗೋಣ ಅಂದರೆ 14 ತಿರುವಿನ ಘಾಟಿ, ಮಳೆಗಾಲದಲ್ಲಿ ಧರೆ ಕುಸಿದರೆ ಅದೂ ಬಂದ್. ಬಹಳ ಅಬ್ಬಿಗಳ ಹತ್ತಿರ ಫೋನಿಗೆ ಸಿಗ್ನಲ್ ಇರುವುದಿಲ್ಲ. ಮೊದಲು ಓಡಿ ಬರುವವರು ಪಕ್ಕದ ಮನೆಯವರು, ಕೈಯಲ್ಲಿ ದನ ಕಟ್ಟುವ ಹಗ್ಗ. ಕೊನೆಗೆ ಬರುವವರು ಮುಳುಗು ತಜ್ಞರು. ಅಷ್ಟು ಹೊತ್ತಿಗೆ ಹುಡುಕುವುದು ಮನುಷ್ಯನನ್ನಲ್ಲ.

ಬಂದವರು ನನ್ನ ಹತ್ತಿರ ಜಾಸ್ತಿ ಕೇಳುವುದು ಮಾತ್ರ ಕಾಳಿಂಗ ಸರ್ಪದ ಬಗ್ಗೆ. ಆಗುಂಬೆ ಅಂದರೆ ಕಾಳಿಂಗ ಅಂತ ಹೆಸರಾಗಿದೆ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಪ್ರಭೇದ ಅಂತ ಗುರುತಿಸಿ, ಅದಕ್ಕೆ ನಮ್ಮ ಕನ್ನಡದ ಹೆಸರನ್ನೇ ಇಟ್ಟರು, ಓಫಿಯೋಫೇಗಸ್ ಕಾಳಿಂಗ. ಅದು ಮನುಷ್ಯನನ್ನು ಕಂಡರೆ ಸರಿದು ಹೋಗುವ ಹಾವು. ಅದರ ಭಯ ಬಿಡಿ. ಇಂಬಳ ಕಚ್ಚಿದರೂ ಏನೂ ಆಗುವುದಿಲ್ಲ, ತುರಿಸುತ್ತದೆ ಅಷ್ಟೇ.

ಭಯ ಪಡಬೇಕಾದ್ದು ಕಣ್ಣಿಗೇ ಬೀಳದ ಉಣುಗಿಗೆ. ಅದೂ ಮಳೆಗಾಲದಲ್ಲಲ್ಲ. ಮಳೆ ನಿಂತು, ಆಕಾಶ ತಿಳಿಯಾಗಿ, ಕಾಡು ತಿರುಗಲು ಹದವಾದ ಕಾಲ ಬರುತ್ತದಲ್ಲ, ಆಗ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಇನ್ನೂ ಹೋಗಿಲ್ಲ. ಡಿಸೆಂಬರಿನಿಂದ ಮೇವರೆಗೆ ಅದರ ಕಾಟ. ಜೋಗದಿಂದ ದೂರವೇನಲ್ಲದ ಅರಳಗೋಡಿನಲ್ಲಿ 2019ರ ಸುಮಾರಿಗೆ ಅದರಿಂದ ಹಲವರು ತೀರಿಕೊಂಡರು. ಊರಿನವರು ಮೈಗೆ ಎಣ್ಣೆ ಹಚ್ಚಿಕೊಂಡು ಸೊಪ್ಪು ತರಲು ಹೋಗುತ್ತಾರೆ. ಚಾರಣಕ್ಕೆ ಬಂದವರು ಅದೇ ತರಗೆಲೆಯ ಮೇಲೆ ಚಾಪೆಯಿಲ್ಲದೆ ಮಲಗಿ ಆಕಾಶ ನೋಡುತ್ತಾರೆ. ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಹೋಗಲೇಬೇಡಿ. ಮನೆಗೆ ಹೋದ ಹತ್ತು ದಿನದೊಳಗೆ ಜ್ವರ, ಜೋರು ತಲೆನೋವು ಬಂದರೆ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಅಂತ ಡಾಕ್ಟರಿಗೆ ಮೊದಲು ಹೇಳಿ. ನಗರದ ಡಾಕ್ಟರಿಗೆ ಅದು ತಾನಾಗಿ ಹೊಳೆಯದೆ ಇರಬಹುದು.

ಕಳೆದ ವರ್ಷ ಅದೇ ಚಿಕ್ಕಪ್ಪನ ಮಗ ಮತ್ತೆ ಫೋನ್ ಮಾಡಿದ್ದ. ಈ ಸಲ ಜುಲೈ ಬೇಡ, ದೀಪಾವಳಿ ಕಳೆದ ಮೇಲೆ ಬಾ ಅಂದೆ. ಬಂದ, ಜೊತೆಗೆ ಅಂದು ಮಾತು ಬಿಟ್ಟಿದ್ದ ಆ ಸ್ನೇಹಿತನೂ ಬಂದ. ಹಳ್ಳ ತಿಳಿಯಾಗಿತ್ತು. ತಳದ ಕಲ್ಲು, ಸಣ್ಣ ಮೀನು ಎಲ್ಲ ಕಾಣುತ್ತಿತ್ತು. ಅವನು ಅಬ್ಬಿಯ ಬುಡಕ್ಕೆ ಕೈ ತೋರಿಸಿ, "ಅಲ್ಲಿ ಸೊಂಟದವರೆಗೆ ಬರಬಹುದಾ, ದೊಡ್ಡಪ್ಪ?" ಅಂದ. ದೊಡ್ಡಪ್ಪ ಏನೂ ಹೇಳಲಿಲ್ಲ. ತೋಟದಿಂದ ಕೊನೆ ಕೊಯ್ಯುವ ದೋಟಿಯ ಒಂದು ತುಂಡು ತಂದರು, ಎರಡಾಳುದ್ದದ ಬಿದಿರು. ಬಂಡೆಯ ಮೇಲೆ ಕೂತು ಮಡುವಿನೊಳಗೆ ನೆಟ್ಟಗೆ ಇಳಿಸಿದರು. ಬಿದಿರು ಇಳಿಯಿತು, ಇಳಿಯಿತು, ಅವರ ಕೈಯೂ ಮೊಣಕೈವರೆಗೆ ನೀರಿನೊಳಗೆ ಹೋಯಿತು. ನೆಲ ಸಿಗಲಿಲ್ಲ.